ಕಿವಿಯಣ್ಣನ ಕಬ್ಬಿಣದ ಕಂಬಿ

ಆ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಕಿವಿಯಣ್ಣ. ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಗುಹೆಯ ಬಾಯಲ್ಲಿ ಬೆಂಚಿನ ಮೇಲೆ ಕೂತು ಊಟ ಮಾಡುತ್ತಿದ್ದವನು, ಬಾಯಿಗೆ ಹೋಗುತ್ತಿದ್ದ ತುತ್ತನ್ನು ಡಬ್ಬಿಗೇ ಹಾಕಿ ಎದ್ದು ನಿಂತಿದ್ದ. "ನೀರು ಸುಮ್ಮನಾಯ್ತು" ಎಂದ. ಒಳಗೆ ಹೋಗಿ ಮೂವತ್ತು ಜನರನ್ನು ಬೈದು, ಎಳೆದು, ಕೆಲವರನ್ನು ತಳ್ಳಿಯೇ ಹೊರಗೆ ತಂದ. ಕಾಲು ಗಂಟೆಯೊಳಗೆ ಬಂದ ನೀರು ಅವನ ಡಬ್ಬಿಯನ್ನೂ ಬೆಂಚನ್ನೂ ಹೊತ್ತುಕೊಂಡು ಹೋಯಿತು.

ಗುಟ್ಟು ಇಷ್ಟೇ. ಮೇಲಿನ ಕಾಡಿನಲ್ಲಿ ಗುಡ್ಡ ಜರಿದು ತೊರೆಗೆ ಅಡ್ಡ ಬಿದ್ದರೆ ಜಲಪಾತ ಸಣ್ಣಗಾಗುತ್ತದೆ, ಅದರ ಸದ್ದು ಇಳಿಯುತ್ತದೆ. ತಿಳಿಯದವರು ನೀರು ಪಳಗಿತೆಂದು ಕೆಳಗಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಮೇಲೆ ಕಟ್ಟಿಕೊಂಡ ನೀರು ಮಣ್ಣು ಒಡೆದುಕೊಂಡು ಬಂದಾಗ, ಎಂದೂ ಸಣ್ಣ ಕವಲೊಂದೇ ಹರಿಯುವ ಗುಹೆಯೊಳಗೆ ತೊರೆಯೇ ನೇರವಾಗಿ ನುಗ್ಗುತ್ತದೆ. "ನೀರು ಬೈಯ್ತಾ ಇದ್ರೆ ಹೆದರಬೇಡಿ. ಮಾತು ಬಿಟ್ಟರೆ ಓಡಿ" ಎಂದು ಹೊಸದಾಗಿ ಬಂದ ಮಾರ್ಗದರ್ಶಿಗಳಿಗೆಲ್ಲ ಅವನು ಹೇಳಿಕೊಡುತ್ತಿದ್ದ. ಅಂದಿನಿಂದ ಗುಹೆಯೊಳಗೆ ಯಾರನ್ನು ಬಿಡಬೇಕಾದರೂ ಕಿವಿಯಣ್ಣ "ಸರಿ ಇದೆ" ಅನ್ನಬೇಕು.

ಆ ಕಿವಿ ಎರಡು ವರ್ಷದಿಂದ ಕೇಳಿಸುತ್ತಿರಲಿಲ್ಲ.

ಗೊತ್ತಿದ್ದದ್ದು ಹೆಂಡತಿ ಒಬ್ಬಳಿಗೆ. ಅವಳು ಮುಖಕ್ಕೆ ಮುಖ ಕೊಟ್ಟು ಮಾತಾಡುವುದನ್ನು ಕಲಿತಿದ್ದಳು, ಅವನು ತುಟಿ ಓದುವುದನ್ನು ಕಲಿತಿದ್ದ. ವರ್ಷಕ್ಕೊಮ್ಮೆ ಬರುವ ವೈದ್ಯರು ಇಲಾಖೆಯ ಪರೀಕ್ಷೆಗೆಂದು ಎದುರಿಗೆ ನಿಂತೇ ಪಿಸುಗುಟ್ಟುತ್ತಿದ್ದರು. ಎದುರಿಗೆ ನಿಂತು ಪಿಸುಗುಟ್ಟಿದರೆ ಗೋಡೆಯೂ ಉತ್ತರ ಹೇಳೀತು! ವಾಕಿಟಾಕಿಯಲ್ಲಿ ಯಾರಾದರೂ ಮಾತಾಡಿದರೆ ಹಸಿರು ದೀಪ ಹೊತ್ತುತ್ತದೆ. ಗಂಟೆಗೊಮ್ಮೆ ಕಚೇರಿ ಕೇಳುವುದು ಒಂದೇ ಪ್ರಶ್ನೆ, ಗುಹೆಯ ಎರಡನೆಯ ಅಂಕಣ, ಅಂದರೆ ಒಳಕೋಣೆ, ತಲುಪಿದ ಮಾರ್ಗದರ್ಶಿ ಕೇಳುವುದೂ ಒಂದೇ ಪ್ರಶ್ನೆ. ದೀಪ ಆರಿದೊಡನೆ ಇವನು ಹೊತ್ತು ನೋಡಿಕೊಂಡು "ಸರಿ ಇದೆ ಸಾರ್" ಅಥವಾ "ಸರಿ ಇದೆ, ಮುಂದೆ ಹೋಗಿ" ಎನ್ನುತ್ತಿದ್ದ. ಎರಡು ವರ್ಷದಲ್ಲಿ ಒಮ್ಮೆಯೂ ಎಡವಿರಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟು ಧೈರ್ಯ ಇರಲಿಕ್ಕಿಲ್ಲ.

ಹಾಗೆಂದು ಅವನು ಜನರ ಜೀವದ ಜೊತೆ ಆಟವಾಡುತ್ತಿರಲಿಲ್ಲ, ಅಷ್ಟರಮಟ್ಟಿಗೆ ನ್ಯಾಯ ಹೇಳಬೇಕು. ಗುಹೆಯ ಬಾಯಲ್ಲಿ ಬಂಡೆ ಕೊರೆದು ನಿಲ್ಲಿಸಿದ ಹಳೆಯ ಕಬ್ಬಿಣದ ಕಂಬಿಯೊಂದಿತ್ತು. ಅದರ ಮೇಲೆ ಅಂಗೈ ಇಟ್ಟರೆ ಜಲಪಾತದ ನಡುಕ ಮೊಣಕೈವರೆಗೆ ಬರುತ್ತಿತ್ತು. ನೀರು ಒಂದು ಗೇಣು ಇಳಿದರೂ ಅಂಗೈಗೆ ತಿಳಿಯುತ್ತಿತ್ತು. ಸದಾ ಕಂಬಿ ಹಿಡಿದು ನಿಲ್ಲುವ ಕಿವಿಯಣ್ಣನನ್ನು ಪ್ರವಾಸಿಗರು ಠೀವಿಯ ಮುದುಕ ಎಂದುಕೊಳ್ಳುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಆ ಕಂಬಿ ಹೋಯಿತು. ತುಕ್ಕು ಹಿಡಿದಿದೆ ಎಂದು ಕಚೇರಿಯವರು ಕಿತ್ತು ಹಾಕಿ, ರಬ್ಬರಿನ ಬುಡದ ಮೇಲೆ ಹಸಿರು ಬಣ್ಣದ ಫೈಬರ್ ಕೊಳವೆ ನಿಲ್ಲಿಸಿದರು. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಕಿವಿಯಣ್ಣ ವಾಹನ ನಿಲ್ದಾಣದ ಗೇಟಿನಲ್ಲಿ ಚೀಟಿ ಹರಿಯುತ್ತ ಕೂರಬೇಕಿತ್ತು. "ಚೆನ್ನಾಗಿದೆ" ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟ. ಹೊಸ ಕೊಳವೆಯ ಮೇಲೆ ಕೈಯಿಟ್ಟರೆ ಸತ್ತ ಹಾವು ಮುಟ್ಟಿದಂತಿತ್ತು. ಪರವಾಗಿಲ್ಲ, ಕಣ್ಣಿದೆಯಲ್ಲ, ಜಲಪಾತ ಎದುರಿಗೇ ಕಾಣುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅದೇ ತಿಂಗಳು ಮಗಳು ಮಾರ್ಗದರ್ಶಿಯಾಗಿ ಸೇರಿದಳು. ಅಪ್ಪನ ಕಿವಿಯ ಕಥೆ ಕೇಳುತ್ತಲೇ ಬೆಳೆದವಳು, ದೂರದ ಊರಿನಲ್ಲಿ ಓದು ಮುಗಿಸಿ, ಬೇರೆ ಕೆಲಸ ಬೇಡವೆಂದು ಹಟ ಹಿಡಿದು ಬಂದಿದ್ದಳು. "ದೊಡ್ಡ ಮನುಷ್ಯ ಆಗ್ಬಿಟ್ಟೆ ಅಪ್ಪ, ಮೂರು ಸಲ ಕರೆದ್ರೂ ತಿರುಗಲ್ಲ" ಎಂದು ರೇಗಿಸುತ್ತಿದ್ದಳು. ಅವನು ನಗುತ್ತಿದ್ದ.

ಮಳೆ ಹಿಡಿದ ಮೇಲೆ ಒಂದು ದಿನ ಬೆಳಿಗ್ಗೆ ಹೆಂಡತಿ ಅವನ ಅಂಗಿಯ ಗುಂಡಿ ಹಿಡಿದು ನಿಲ್ಲಿಸಿದಳು. "ಇವತ್ತಾದ್ರೂ ಅವಳಿಗೆ ಹೇಳ್ಬಿಡಿ. ನಿಮ್ಮ ಕಿವಿ ನಂಬ್ಕೊಂಡು ಒಳಗೆ ಹೋಗ್ತಾ ಇರೋದು ನಮ್ಮ ಮಗಳು."

"ಮುಂದಿನ ವಾರ ಹೇಳ್ತೀನಿ."

"ಹೋದ ವಾರಾನೂ ಇದನ್ನೇ ಹೇಳಿದ್ರಿ."

ಅವನು ಮುಖ ಬೇರೆ ಕಡೆ ತಿರುಗಿಸಿದ. ಜಗಳ ಮುಗಿಸಲು ಕಿವುಡನಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಹತ್ತು ಗಂಟೆಗೆ ಹನ್ನೊಂದು ಜನ ಬಂದರು. ಮಗಳು ಅವರ ತಲೆಗೆ ಹೆಲ್ಮೆಟ್ ಕಟ್ಟಿ, ಎಣಿಸಿ, ಅಪ್ಪನ ಕಡೆ ತಿರುಗಿದಳು. "ನೀರು ಹೇಗಿದೆ?"

"ಸರಿ ಇದೆ" ಎಂದ. ಆಗ ಸರಿಯೇ ಇತ್ತು.

ಅವರು ಒಳಗೆ ಹೋದ ಹತ್ತು ನಿಮಿಷಕ್ಕೆ ಮಂಜು ಇಳಿಯಿತು. ಮೊದಲು ಜಲಪಾತದ ತಲೆ ಕಾಣದಾಯಿತು, ಆಮೇಲೆ ನಡು, ಆಮೇಲೆ ಮಡುವೂ ಇಲ್ಲ, ಎದುರಿನ ಮರಗಳೂ ಇಲ್ಲ. ಕಿವಿಯಣ್ಣನಿಗೆ ಈಗ ಕೇಳಲು ಕಿವಿಯಿಲ್ಲ, ನೋಡಲು ಕಣ್ಣಿಲ್ಲ, ಮುಟ್ಟಲು ಕಂಬಿಯಿಲ್ಲ. ಕೊಳವೆಯ ಮೇಲೆ ಎರಡೂ ಕೈ ಊರಿ ನಿಂತ. ಏನೂ ಬರಲಿಲ್ಲ. ಆಗಲೇ ಕೊರಳಲ್ಲಿದ್ದ ಸೀಟಿಯನ್ನು ಮೂರು ಸಲ ಊದಿ ಎಲ್ಲರನ್ನೂ ವಾಪಸ್ ಕರೆಯಬಹುದಿತ್ತು. ಯಾಕೆ ಕರೆದಿರಿ ಎಂದು ಕೇಳಿದರೆ ಏನು ಹೇಳುವುದು?

ವಾಕಿಟಾಕಿಯ ಹಸಿರು ದೀಪ ಹೊತ್ತಿತು. ಹೊತ್ತು ಲೆಕ್ಕ ಹಾಕಿದ. ಮಗಳು ಎರಡನೆಯ ಅಂಕಣ ತಲುಪಿರಬೇಕು. ದೀಪ ಎಂದಿಗಿಂತ ತುಸು ಹೆಚ್ಚು ಹೊತ್ತು ಉರಿದು ಆರಿತು.

"ಸರಿ ಇದೆ, ಮುಂದೆ ಹೋಗಿ" ಎಂದ.

ದೀಪ ಮತ್ತೆ ಹೊತ್ತಿತು. ಹೀಗೆ ಎಂದೂ ಆಗಿರಲಿಲ್ಲ. ಆದರೂ ಬಾಯಿಗೆ ರೂಢಿಯಾದ ಮಾತೇ ಬಂತು. "ಸರಿ ಇದೆ, ಸರಿ ಇದೆ. ಮುಂದೆ ಹೋಗಿ."

ಮೂರನೆಯ ಸಲ ದೀಪ ಹೊತ್ತಲಿಲ್ಲ.

ಅವನು ಕೊಳವೆ ಬಿಟ್ಟು, ತಡಕುತ್ತ ತೊರೆಯ ಅಂಚಿಗೆ ಇಳಿದ. ಮೊಣಕಾಲುದ್ದ ನೀರಿರಬೇಕಾದ ಕಡೆ ಪಾದ ಜಲ್ಲಿಕಲ್ಲಿಗೆ ತಾಗಿತು. ಬಗ್ಗಿ ನೋಡಿದ. ಒದ್ದೆ ಕಲ್ಲುಗಳ ನಡುವೆ ಬೆರಳುದ್ದದ ಮೀನೊಂದು ಬಾಯಿ ತೆರೆದು ಮುಚ್ಚುತ್ತ ಒದ್ದಾಡುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ನೀರು ಮಾತು ಬಿಟ್ಟು ಎಷ್ಟು ಹೊತ್ತಾಯಿತೋ ಅವನಿಗೆ ಗೊತ್ತಿರಲಿಲ್ಲ.

ಸೀಟಿ ಬಾಯಿಗಿಟ್ಟು ಗುಹೆಯ ಕಡೆ ಊದಿದ. ಮೂರು ಸಲ, ಮತ್ತೆ ಮೂರು ಸಲ. ಹಲ್ಲಿಗೆ ನಡುಕ ತಿಳಿಯಿತೇ ಹೊರತು ಸದ್ದು ಕೇಳಿಸಲಿಲ್ಲ. ಒಳಗಿನಿಂದ ಮಗಳು ತಿರುಗಿ ಊದಿದಳೋ ಇಲ್ಲವೋ, ಅದೂ ತಿಳಿಯದು. ಮಂಜಿನಲ್ಲಿ ಕೊಳೆತ ಎಲೆಯ, ಹಸಿ ಮಣ್ಣಿನ ವಾಸನೆ ಬಂತು. ಹತ್ತೊಂಬತ್ತು ವರ್ಷದ ಹಿಂದೆಯೂ ಕೊನೆಗೆ ಇದೇ ವಾಸನೆ ಬಂದಿತ್ತು. ಇನ್ನು ಹೊತ್ತಿಲ್ಲ. "ಮಗಳೇ, ತಪ್ಪಾಯ್ತು" ಎನ್ನುತ್ತ ಟಾರ್ಚ್ ಹಚ್ಚಿಕೊಂಡು ಗುಹೆಯೊಳಗೆ ನುಗ್ಗಿದ.

ನಾಲ್ಕು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ಯಾರೋ ಅಂಗಿಯ ಕಾಲರ್ ಹಿಡಿದು ಜಗ್ಗಿದರು. ಗುಂಡಿಗಳು ಕಿತ್ತುಹೋದವು, ಅವನು ಅಂಗಾತ ಬಿದ್ದ. ಎರಡು ಕೈಗಳು ಅವನನ್ನು ಗುಹೆಯಿಂದಾಚೆಗೆ, ಪಕ್ಕದ ಕಲ್ಲುಮೆಟ್ಟಿಲ ಮೇಲಕ್ಕೆ ದರದರ ಎಳೆದವು. ಅದೇ ಗಳಿಗೆಯಲ್ಲಿ ಕೆಂಪು ನೀರು ಮರದ ಬೊಡ್ಡೆಗಳ ಸಮೇತ ಬಂದು ಗುಹೆಯ ಬಾಯಿ ತುಂಬಿಕೊಂಡಿತು. ಹಸಿರು ಕೊಳವೆ ಕಡ್ಡಿಯಂತೆ ಮುರಿದು ಒಳಗೆ ಹೋಯಿತು. ಅಷ್ಟೂ ನಡೆದದ್ದು ಅವನ ಪಾಲಿಗೆ ನಿಶ್ಶಬ್ದವಾಗಿ.

ಎಳೆದವಳು ಮಗಳು. ಮೈಯೆಲ್ಲ ಕೆಸರು. ಅವಳ ಹಿಂದೆ ಮೇಲಿನ ಕಾಡುದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡ ಹನ್ನೊಂದು ಜನ ನಿಂತಿದ್ದರು. ಗುಹೆಯ ಕೊನೆಯಲ್ಲಿ ಸಿಬ್ಬಂದಿಗೆಂದು ಬಿಟ್ಟ ಕಬ್ಬಿಣದ ಏಣಿ ಹತ್ತಿ ಬಂದಿದ್ದರು.

ಅವನು ಅವಳ ತುಟಿ ನೋಡಿದ. ಅವಳು ಕಿರುಚುತ್ತಿದ್ದಳು, ಒಂದೊಂದು ಮಾತೂ ಕಂಡಿತು.

"ನೀರು ಇಳೀತಾ ಇದೆ, ವಾಪಸ್ ಬರ್ಲಾ ಅಂತ ಕೇಳ್ದೆ. ಮುಂದೆ ಹೋಗು ಅಂದೆ! ಮತ್ತೆ ಕೇಳ್ದೆ, ಮತ್ತೆ ಮುಂದೆ ಹೋಗು ಅಂದೆ! ನಿನ್ನ ಮಾತು ನಂಬಿ ಇವರನ್ನೆಲ್ಲ ಮೂರನೇ ಅಂಕಣಕ್ಕೆ ಕರ್ಕೊಂಡು ಹೋದೆ ಅಪ್ಪ. ಅಲ್ಲಿ ಮೀನು ಸಾಯ್ತಾ ಬಿದ್ದಿತ್ತು. ಈಗ ಇಲ್ಲಿ ನಿನ್ನ ಬೆನ್ನ ಹಿಂದೆ ನಿಂತು ಎಷ್ಟು ಸಲ ಕರೆದೆ..."

ಅವಳ ತುಟಿ ಅಲ್ಲಿಗೇ ನಿಂತಿತು. ತನ್ನ ಬಾಯನ್ನೇ ನೋಡುತ್ತಿರುವ ಅಪ್ಪನ ಕಣ್ಣುಗಳನ್ನು ನೋಡಿದಳು. ತಿಳಿಯಬೇಕಾದದ್ದೆಲ್ಲ ಅವಳಿಗೆ ತಿಳಿದುಹೋಯಿತು.

ಸೊಂಟದಲ್ಲಿದ್ದ ವಾಕಿಟಾಕಿಯ ಹಸಿರು ದೀಪ ಹೊತ್ತಿತು, ಆರಿತು. ಕಚೇರಿಯವರು. ಗಂಟೆ ಹನ್ನೊಂದಾಗಿತ್ತು. ಕೈ ತಾನಾಗಿ ಮೇಲಕ್ಕೆ ಬಂತು, "ಸರಿ ಇದೆ ಸಾರ್" ಅನ್ನುವ ಮಾತೂ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಗುಂಡಿ ಒತ್ತಿದ.

"ಪ್ರವಾಹ ಬಂದಿದೆ ಸಾರ್. ಹನ್ನೆರಡು ಜನಾನೂ ಹೊರಗಿದ್ದಾರೆ. ಉಳಿಸಿದ್ದು ನಾನಲ್ಲ, ನನ್ನ ಮಗಳು. ನೀವೇನು ಕೇಳಿದ್ರೋ ನಂಗೆ ಗೊತ್ತಿಲ್ಲ. ನಂಗೆ ಕಿವಿ ಕೇಳ್ಸಲ್ಲ ಸಾರ್, ಎರಡು ವರ್ಷ ಆಯ್ತು."

ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅವರು ಏನೆಂದರು ಎಂದು ತಿಳಿಯಲು ಅವನು ಮಗಳ ಮುಖ ನೋಡಿದ. ಅವಳು ವಾಕಿಟಾಕಿಯನ್ನು ಅವನ ಕೈಯಿಂದ ತೆಗೆದುಕೊಂಡು, ತುಟಿ ಅವನಿಗೆ ಕಾಣದಂತೆ ಆಚೆ ತಿರುಗಿ ನಿಂತು ಉತ್ತರ ಕೊಟ್ಟಳು.