ಬೆಲ್ಜಿಯಂನ ಹಗೇವು

ಅರಮನೆ ನೋಡುವುದಕ್ಕೆ ಬೇಕಾದದ್ದು ಇತಿಹಾಸದ ಜ್ಞಾನವಲ್ಲ, ಹಿಮ್ಮಡಿ ಕಚ್ಚದ ಬೂಟು. ಈ ಸತ್ಯವನ್ನು ಮೂವತ್ತು ವರ್ಷ ಚಳ್ಳಕೆರೆಯ ಮಕ್ಕಳಿಗೆ ಇತಿಹಾಸ ಕಲಿಸಿದ ನಾನು ನಿವೃತ್ತನಾದ ಮೇಲೆ ಕಲಿತೆ. ಕಲಿಸಿದವರು ನನ್ನ ಸೋದರತ್ತೆ ಗಂಗಮ್ಮ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ನಡೆಸುವ, ಗಿರಾಕಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರೂ ಅದೇ ಭಾಷೆಯಲ್ಲಿ ಇಲ್ಲ ಎನ್ನಬಲ್ಲ ಎಪ್ಪತ್ತೈದರ ಹೆಂಗಸು. ಯುರೋಪಿಗೆ ಹೊರಡುವ ಹಿಂದಿನ ವಾರ ನಮ್ಮೂರಿಗೆ ಬಂದು, ಶಾಲೆಯ ಮಕ್ಕಳು ಡ್ರಿಲ್ಲಿಗೆ ಹಾಕುವ ಬಿಳಿ ಕ್ಯಾನ್ವಾಸ್ ಬೂಟು ಕೊಂಡರು. ಹೊಸ ಚರ್ಮದ ಬೂಟು ಹೊಲಿಸಿಕೊಂಡ ನಾವೆಲ್ಲ ಎರಡನೆಯ ದೇಶದಲ್ಲಿಯೇ ಕುಂಟತೊಡಗಿದಾಗ, ಅತ್ತೆ ಸೀರೆಯನ್ನು ಎರಡು ಬೆರಳು ಮೇಲಕ್ಕೆ ಉಟ್ಟು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ಹತ್ತು ದಿನಕ್ಕೆ ಆರು ದೇಶ ತೋರಿಸುವ ಪ್ರವಾಸ ಅದು. ಜೊತೆಗೆ ನಮ್ಮೂರಿನ ಎಣ್ಣೆ ಗಿರಣಿಯ ಯಜಮಾನರು, ಅವರ ಹೆಂಡಂದಿರು, ಹೆಂಡಂದಿರ ಉಪ್ಪಿನಕಾಯಿ ಜಾಡಿಗಳು, ಮತ್ತು ನಮ್ಮದೇ ಅಡಿಗೆಯವನು. ಬೆಲ್ಜಿಯಂ ಪಾಲಿಗೆ ಒಂದೂವರೆ ದಿನ ಬಂದಿತ್ತು. ಅದರಲ್ಲಿ ಒಂದು ದಿನವನ್ನು ಹಳ್ಳಿಗಾಡಿನ ಕೋಟೆ, ಅರಮನೆ, ಜಹಗೀರುಗಳಿಗೆಂದು ಮೀಸಲಿಟ್ಟಿದ್ದರು. ಆ ಹಳ್ಳಿಗಾಡು, ನಿಮಗೇಕೆ ಸುಳ್ಳು ಹೇಳಲಿ, ಚೆಂದವಾಗಿದೆ. ಚೆಂದವಾಗಿರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಸುಬೇ ಇಲ್ಲವೇನೋ ಎನ್ನುವಷ್ಟು. ಮರಗಳು ಸಾಲಾಗಿ ನಿಂತಿರುತ್ತವೆ, ಸಾಲಿನ ತುದಿಯಲ್ಲಿ ಅರಮನೆ, ಅರಮನೆಯ ಸುತ್ತ ಕಂದಕ, ಕಂದಕದಲ್ಲಿ ಬಾತುಕೋಳಿ. ಮೊದಲನೆಯದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು. ಎರಡನೆಯದರ ಮುಂದಿನ ಹುಲ್ಲುಹಾಸನ್ನು ಕಂಡು ಗಿರಣಿಯ ಯಜಮಾನರೊಬ್ಬರು, ಇಲ್ಲಿ ಎಷ್ಟು ಮೂಟೆ ಶೇಂಗಾ ಒಣಗಿಸಬಹುದೆಂಬ ಅಂದಾಜಿಗೆ ಇಳಿದರು. ಮೂರನೆಯದರ ಹೊತ್ತಿಗೆ ಗೋಪುರಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿ, ಹಲವರು ಬಸ್ಸಿನಿಂದ ಇಳಿಯಲೂ ಯೋಚಿಸಿದರು.

ಅತ್ತೆ ಮಾತ್ರ ಎಲ್ಲ ಕಡೆಯೂ ಇಳಿದರು. ರಾಜರ ಮಂಚ, ರಾಣಿಯರ ಕನ್ನಡಿ, ಗೋಡೆಯ ಮೇಲಿನ ಜಿಂಕೆತಲೆಗಳನ್ನು ಅವರು ನೆಂಟರ ಮದುವೆಯ ಆಲ್ಬಮ್ ತಿರುವಿದಂತೆ ದಾಟಿಬಿಟ್ಟರು. ಪ್ರತಿ ಅರಮನೆಯಲ್ಲಿಯೂ ಅವರದು ಒಂದೇ ಪ್ರಶ್ನೆ: "ಲೇ ಮಂಜಾ, ಇಷ್ಟು ಜನ ಉಣ್ತಿದ್ರಲ್ಲ, ಕಾಳು ಎಲ್ಲಿ ಇಕ್ಕಂತಿದ್ರು? ಕೇಳು." ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಎರಡು ಕಡೆ ಯಾರಿಗೂ ಗೊತ್ತಿರಲಿಲ್ಲ. ಯುದ್ಧ ಯಾವ ವರ್ಷ, ಮದುವೆ ಯಾರೊಡನೆ ಎಂಬುದೆಲ್ಲ ಬಾಯಿಪಾಠವಿದ್ದ ಮಾರ್ಗದರ್ಶಕರು ಕಾಳಿನ ವಿಷಯಕ್ಕೆ ತಬ್ಬಿಬ್ಬಾದರು. ಮೂವತ್ತು ವರ್ಷದಲ್ಲಿ ನಾನೂ ಒಮ್ಮೆಯೂ ಆ ಪ್ರಶ್ನೆ ಕೇಳಿರಲಿಲ್ಲವಾದ್ದರಿಂದ ಅವರ ಮೇಲೆ ಸಿಟ್ಟು ಬರಲಿಲ್ಲ.

ಮೂರನೆಯ ಕೋಟೆಯಲ್ಲಿ ಟಿಕೆಟ್ ಹರಿಯುತ್ತಿದ್ದವರು ಕೋಟೆಯ ಒಡೆಯರೇ. ಮೊಣಕೈ ಬಳಿ ತೂತಾದ ಸ್ವೆಟರು ತೊಟ್ಟ ಮುದುಕರು. ಚಾವಣಿ ರಿಪೇರಿ ಪೂರ್ವಜರ ಯುದ್ಧಗಳಿಗಿಂತ ದೀರ್ಘವಾದದ್ದೆಂದು ನಗದೆ ಹೇಳಿದರು. ಕೊನೆಗೆ ನಮ್ಮನ್ನು ಗೋಪುರದ ತಳಕ್ಕೆ ಕರೆದೊಯ್ದು, ನೆಲದಲ್ಲಿದ್ದ ದುಂಡನೆಯ ಗುಂಡಿಯೊಂದನ್ನು ತೋರಿಸಿದರು. ಬಾಯಿಗೆ ಕಬ್ಬಿಣದ ಜಾಲರಿ, ಒಳಗೆ ಕೆಂಪು ಬಲ್ಬು, ತಳದಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಅದರ ಕಾಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ದೊರೆಗೆ ಬೇಡವಾದವರನ್ನು ಇದರೊಳಗೆ ಇಳಿಬಿಟ್ಟು ಮುಚ್ಚಿಬಿಡುತ್ತಿದ್ದರು, ಜಗತ್ತು ಅವರನ್ನು ಮರೆಯಲಿ ಎಂದು, ಅಂತ ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮ ಹೆಂಗಸರು ಹೌಹಾರಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಗುಂಡಿಗೆ ಹಾಕಿದ್ರೆ ಮರೀತಾರೇನೋ?" ಎಂದ ಅತ್ತೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಜಾಲರಿಯ ಸಂದಿನಲ್ಲಿ ಬೆರಳು ತೂರಿಸಿ ಗುಂಡಿಯ ಬಾಯಿಯ ಕಲ್ಲನ್ನು ಸವರಿದರು. ಚಪ್ಪಡಿ ಕೂರುವುದಕ್ಕೆಂದು ಸುತ್ತಲೂ ಕೆತ್ತಿದ ಅಂಚು, ಕಿರಿದಾದ ಬಾಯಿ, ಕೆಳಗೆ ಹೋಗುತ್ತ ಅಗಲವಾಗುವ ಹೊಟ್ಟೆ. "ಇದು ಹಗೇವು ಐತಲ್ಲೋ," ಎಂದರು.

ಹಗೇವು ಗೊತ್ತಿಲ್ಲದ ಓದುಗರಿಗಾಗಿ ಹೇಳಬೇಕು. ನಮ್ಮ ಬಯಲುಸೀಮೆಯಲ್ಲಿ ಹಿಂದೆ ಹಿತ್ತಿಲಿನಲ್ಲೋ ಅಂಗಳದಲ್ಲೋ ನೆಲದಾಳಕ್ಕೆ ತೋಡಿದ ಕಣಜವಿರುತ್ತಿತ್ತು. ರಾಗಿಯನ್ನೋ ಜೋಳವನ್ನೋ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಮುಚ್ಚಿದ ಕಾಳಿನ ಕೆಟ್ಟ ಗಾಳಿ ಇಳಿದವನನ್ನು ನಿಂತಲ್ಲೇ ಕೆಡಹುತ್ತದೆ. ಆದ್ದರಿಂದ ಬಾಯಿ ತೆರೆದು ಕಾಯಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು.

ಅತ್ತೆಯ ಮಾತನ್ನು ನಾನು ಒಡೆಯರಿಗೆ ತಿಳಿಸಿದೆ. ಅವರು ನಮ್ಮವರೆಲ್ಲ ಜಾಮ್ ಮಾರುವ ಕೋಣೆಯ ಕಡೆಗೆ ಹೊರಟುಹೋಗುವವರೆಗೂ ಕಾದು, ಕಿವಿ ಕೆರೆದುಕೊಂಡು, ನಮ್ಮಜ್ಜನೂ ಹಾಗೆಯೇ ಹೇಳುತ್ತಿದ್ದರು, ಗೋಧಿ ಇಡುತ್ತಿದ್ದರಂತೆ, ಇದರಲ್ಲಿ ಯಾರೂ ಸತ್ತ ದಾಖಲೆಯಿಲ್ಲ, ಆದರೆ ಗೋಧಿ ನೋಡುವುದಕ್ಕೆ ಯಾರು ಬರುತ್ತಾರೆ, ಎಂದು ಒಪ್ಪಿಕೊಂಡು ಜಾಮ್ ಮಾರಲು ಹೋದರು. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಯಾರನ್ನೂ ಕೊಲ್ಲದ ಗುಂಡಿಯೊಂದು ಸುಳ್ಳು ಸಾವಿನ ಬಲದಿಂದ ಒಂದು ಚಾವಣಿಯನ್ನು ಹೊತ್ತು ನಿಂತಿದೆಯೆಂಬ ವಿಚಾರದಲ್ಲಿ ಮುಳುಗಿದ್ದವನಿಗೆ, ಅತ್ತೆ ಇನ್ನೂ ಬಗ್ಗಿಕೊಂಡೇ ಇರುವುದು ಕಂಡಿತು. "ಬರ್ರಿ ಅತ್ತೆ, ಬಗ್ಗಬ್ಯಾಡ್ರಿ. ಬಸಣ್ಣನ ಹಂಗೆ ದುಡುಕಬ್ಯಾಡ್ರಿ," ಎಂದೆ.

ಅದು ನಮ್ಮ ಮನೆಯ ಮಾತು. ಬಸಣ್ಣ ನನ್ನ ತಂದೆಗೂ ಅತ್ತೆಗೂ ಅಣ್ಣ. ನಾನು ಹುಟ್ಟುವ ಮೊದಲೇ, ಹದಿನೇಳರ ವಯಸ್ಸಿನಲ್ಲಿ, ಪರಶುರಾಂಪುರದ ನಮ್ಮ ಹಳೆಮನೆಯ ಹಗೇವಿಗೆ ದೀಪ ಇಳಿಸಿ ನೋಡದೆ ಇಳಿದು ಸತ್ತವನು. ಹಾಗೆಂದು ನಾವು ಕೇಳಿದ್ದೆವು. ಅಂದೇ ಮುಚ್ಚಿದ ಚಪ್ಪಡಿಯನ್ನು ಮತ್ತೆ ಯಾರೂ ಎತ್ತಲಿಲ್ಲ. ಈಗ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಓಡುವ ಮಗುವಿಗೆ, ಬಿಸಿ ಪಾತ್ರೆಗೆ ಕೈ ಹಾಕುವವಳಿಗೆ, ಯೋಚಿಸದೆ ಕೆಲಸ ಬಿಟ್ಟವನಿಗೆ, ಎಲ್ಲರಿಗೂ ನಮ್ಮ ಮನೆಯಲ್ಲಿ ಒಂದೇ ಬುದ್ಧಿಮಾತು: ಬಸಣ್ಣನ ಹಾಗೆ ದುಡುಕಬೇಡ. ನಾನಂತೂ ಅದನ್ನು ಪಾಠ ಮಾಡಿಕೊಂಡು, ಪರೀಕ್ಷೆಯ ಮುನ್ನ ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎನ್ನುವಾಗ ಪ್ರತಿ ವರ್ಷವೂ ತರಗತಿಯಲ್ಲಿ ಹೇಳಿದ್ದೇನೆ.

ಅತ್ತೆ ಏಳಲಿಲ್ಲ. ಆ ಕೆಂಪು ಬಲ್ಬನ್ನೇ ನೋಡುತ್ತ ಹೇಳಿದರು: "ಅವನು ದುಡುಕಲಿಲ್ಲ ಮಂಜಾ. ದೀಪ ಇಳಿಸಿದ್ದ. ಹಗ್ಗ ನನ್ನ ಕೈಯಾಗೆ ಕೊಟ್ಟು, ನೋಡ್ತಿರು ಅಂತ ಹೇಳಿ ಕಾಳು ತುಂಬಾಕೆ ಮಂಕರಿ ತರಾಕೆ ಹೋದ. ದೀಪ ಆರ್ತು. ಬೆಳಿಗ್ಗೆಯಷ್ಟೇ ಅವ್ವ, ಬತ್ತಿ ನೆಟ್ಟಗೆ ಹೊಸೆಯಾಕೆ ಬರಲ್ಲ ಅಂತ ಬೈದಿದ್ಳು. ನಾ ಹೊಸೆದ ಬತ್ತಿ ಆರ್ತು ಅಂತ ಮತ್ತೆ ಬೈತಾಳೆ ಅನ್ನೋ ಹೆದ್ರಿಕೆ. ಅವನು ಬಂದು ಕೇಳಿದ. ಮ್ಯಾಲೆ ಎಳ್ಕಂಡಾಗ ಗಾಳಿಗೆ ಆರ್ತು ಅಣ್ಣಾ, ಅಂದೆ."

ನಾನು ಏನಾದರೂ ಹೇಳಬೇಕಾಗಿತ್ತು. ಮೇಷ್ಟರಿಗೆ ಮೌನ ಅಭ್ಯಾಸವಿರುವುದಿಲ್ಲ. "ಗಾಳಿಯೂ ಇದ್ದಿರಬಹುದಲ್ಲ ಅತ್ತೆ," ಎಂದೆ.

"ಇರಲಿಲ್ಲ. ಬೇವಿನ ಮರದಾಗೆ ಒಂದು ಎಲೆ ಅಲ್ಲಾಡ್ತಿರಲಿಲ್ಲ."

ಅವನು ಬಿದ್ದ ಸದ್ದು ಕೇಳಿ ಎಂಟು ವರ್ಷದ ಹುಡುಗಿ ಮೊದಲು ದೀಪವನ್ನು ಬಿಚ್ಚಿಕೊಂಡು ಓಡಿ ಅದರ ಗೂಡಿನಲ್ಲಿಟ್ಟಳು, ಆಮೇಲೆ ಕೂಗಿದಳು. ಜನ ಬಂದು ನೋಡಿದಾಗ ಹಗೇವಿನ ಬಳಿ ದೀಪವಿರಲಿಲ್ಲ. ಹುಡುಗ ದುಡುಕಿದ ಎಂದರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅರವತ್ತೇಳು ವರ್ಷ ಮನೆಯವರು ಆ ಮಾತನ್ನು ಆಡಿದಾಗಲೆಲ್ಲ ಅತ್ತೆ ಅದನ್ನು ಕೇಳಿಸಿಕೊಂಡಿದ್ದಾರೆ. ನಮ್ಮ ತಂದೆಯ ತಿಥಿಯಲ್ಲಿ, ನನ್ನ ಮದುವೆಯಲ್ಲಿ, ಈಗ ನನ್ನ ಬಾಯಿಂದ ಬೆಲ್ಜಿಯಂನಲ್ಲಿ. ನನಗೆ ಅಲ್ಲಿಯೇ ಅಳು ಬಂತು. ಪ್ಲಾಸ್ಟಿಕ್ಕಿನ ಅಸ್ಥಿಪಂಜರ ನೋಡಿ ಅತ್ತ ಏಕೈಕ ಪ್ರವಾಸಿ ನಾನೇ ಇರಬೇಕು.

ಊರಿಗೆ ಮರಳಿದ ಹದಿನೈದು ದಿನಕ್ಕೆ ಅತ್ತೆ ಪರಶುರಾಂಪುರದ ಹಳೆಮನೆಗೆ ನೆಂಟರನ್ನೆಲ್ಲ ಕರೆಸಿದರು. ಸೀರೆ ಹಂಚುತ್ತಾರೆಂದು ಬಂದವರೇ ಬಹಳ. ಊಟಕ್ಕೆ ಮುಂಚೆ ಅತ್ತೆ ಟ್ರ್ಯಾಕ್ಟರನ್ನು ಪಕ್ಕಕ್ಕೆ ಸರಿಸಲು ಹೇಳಿ, ಚಪ್ಪಡಿಯ ಬಳಿ ನಿಂತು, ನನಗೆ ಹೇಳಿದ್ದನ್ನೇ ಅಷ್ಟೇ ಮಾತಿನಲ್ಲಿ ಎಲ್ಲರಿಗೂ ಹೇಳಿದರು. ಆ ಮನೆಗೆ ಸೊಸೆಯಾಗಿ ಬಂದ ನನ್ನ ಅವ್ವನೇ ಕೊನೆಗೆ ಎದ್ದು ಬಂದು ನಾದಿನಿಯ ಕೈ ಹಿಡಿದಳು. "ನೀನಾಗ ಎಂಟು ವರ್ಷದ ಕೂಸು ಗಂಗಮ್ಮ," ಎಂದಳು.

"ಆ ಕೂಸು ಹೇಳಿದ್ದನ್ನ ಅವನು ನಂಬಿದ ಅತ್ಗೆ," ಎಂದರು ಅತ್ತೆ. "ನೀವೆಲ್ಲ ಅದಕ್ಕೆ ದುಡುಕು ಅಂತ ಹೆಸರಿಟ್ರಿ, ನಾನು ಸುಮ್ಕಿದ್ದೆ." ಅಂದು ಮುದ್ದೆ ತಣ್ಣಗಾದ ಮೇಲೆ ಉಂಡೆವು.

ಮನೆಯವರದು ಅಲ್ಲಿಗೆ ಮುಗಿಯಿತು, ನನ್ನದು ಮುಗಿಯಲಿಲ್ಲ. ತರಗತಿ ತರಗತಿಯಾಗಿ ನಾನು ಬಿತ್ತಿದ ಮಾತು ಈ ತಾಲ್ಲೂಕಿನ ಬ್ಯಾಂಕುಗಳಲ್ಲಿ, ಗಿರಣಿಗಳಲ್ಲಿ, ಪೊಲೀಸು ಠಾಣೆಯಲ್ಲಿ ಬೆಳೆದು ನಿಂತಿದೆ. ಹಳೆಯ ವಿದ್ಯಾರ್ಥಿ ಸಿಕ್ಕಲ್ಲೆಲ್ಲ ತಡೆದು ನಿಲ್ಲಿಸಿ ತಿದ್ದುಪಡಿ ಹೇಳುವ ಕೆಲಸಕ್ಕೆ ಮರುದಿನವೇ ತೊಡಗಿದೆ. ಕೆಲವರಿಗೆ ಕಥೆಯೇ ನೆನಪಿಲ್ಲ, ಕೆಲವರು ಮೇಷ್ಟರಿಗೆ ವಯಸ್ಸಾಯಿತೆಂದು ಕರುಣೆಯಿಂದ ನೋಡಿದರು. ಅತ್ತೆಯನ್ನು ಊರಿಗೆ ಬಿಟ್ಟುಬರಲು ಮೊಳಕಾಲ್ಮೂರಿನ ಬಸ್ಸು ಹತ್ತಿದರೆ, ಕಂಡಕ್ಟರನೂ ನನ್ನ ವಿದ್ಯಾರ್ಥಿಯೇ. ತಳಕು ಬರುವಷ್ಟರಲ್ಲಿ ಅವನಿಗೂ ಎಲ್ಲ ಹೇಳಿದೆ.

"ಅಯ್ಯೋ ಸಾರ್, ನನ್ನ ಮಗಂಗೂ ಹಂಗೇ ಹೇಳಿಬಿಟ್ಟೀನಲ್ಲ," ಎಂದ.

"ಇವತ್ತು ಮನೆಗೆ ಹೋಗಿ ತಿದ್ದು."

"ಹೇಳ್ತೀನಿ ಸಾರ್." ಅವನು ಟಿಕೆಟ್ ಯಂತ್ರವನ್ನು ಎದೆಗೆ ಒತ್ತಿಕೊಂಡ. "ಆ ದೀಪ ಹಿಡ್ಕಂಡಿದ್ದ ಹುಡುಗಿ ಏನಾದ್ಲು ಸಾರ್?"

ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅತ್ತೆ ತಿರುಗಿದರು. "ಇಲ್ಲೇ ಕುಂತಾಳಪ್ಪ," ಎಂದು ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ಅವನ ಮುಂದೆ ಹಿಡಿದರು. "ನೋಡ್ಕ. ಮೊಳಕಾಲ್ಮೂರಿಗೆ ಒಂದು ಕೊಡು."