ನಾನು ಕಲಿಸಿದ ಅರ್ಧ ಪಾಠ

ಅಂದು ಸೋಮವಾರವೋ ಏಕಾದಶಿಯೋ, ನನ್ನ ನೆನಪು ತಪ್ಪಿರಬಹುದು. ಬಾಳೂರಿನ ನಮ್ಮ ಕಾಫಿ ಕಣದಿಂದ ಮನೆಗೆ ಬಂದಾಗ, ಸಕ್ಕರೆ ಕಾಯಿಲೆಯ ನನ್ನ ತಮ್ಮ ಬೆವರಿನಲ್ಲಿ ತೊಯ್ದು ಮಾತಿಲ್ಲದೆ ಬಿದ್ದಿದ್ದ. ಎರಡನೇ ಮಹಾಯುದ್ಧದ ಅಭಾವದಲ್ಲೂ ಚಿಕ್ಕಮಗಳೂರಿನಿಂದ ತರಿಸಿದ್ದ ಇನ್ಸುಲಿನ್ ಅನ್ನು ಬೆಳಿಗ್ಗೆ ಚುಚ್ಚಿದವಳು ನಾನೇ. ಅವನು ಗುಣವಾಗಲೆಂದು ಅವ್ವ ಹೊತ್ತ ಹರಕೆಗೆ ಅವನು ಆ ದಿನ ಉಪವಾಸವಿದ್ದ.

"ನಡುಗ್ತಾ ಬೆಲ್ಲ ಕೇಳ್ದ ಕಣೆ. ಸಿಹಿ ಅವನಿಗೆ ವಿಷ ಅಂತ ನೀನೇ ಹೇಳಿದ್ಯಲ್ಲ, ಡಬ್ಬಿ ಅಟ್ಟಕ್ಕೆ ಹಾಕ್ದೆ," ಎಂದಳು ಅವ್ವ.

ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದ ನಾನು ಮನೆಯವರಿಗೆ ಅರ್ಧವನ್ನಷ್ಟೇ ಕಲಿಸಿದ್ದೆ. ಹೊಟ್ಟೆ ಖಾಲಿಯಿದ್ದರೆ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಮಿದುಳಿಗೂ ಉಳಿಯದಷ್ಟು ಇಳಿಸುತ್ತದೆ. ಆಗ ಬೆಲ್ಲವೇ ಮದ್ದು. ನಾನು ಹಾಕಿದ ಬೆಲ್ಲದ ನೀರು ಅವನ ತುಟಿಯಂಚಿನಿಂದ ಹೊರಗೆ ಹರಿಯಿತು. ಸಂಜೆಗೆ ಮುಂಚೆ ಅವನು ತೀರಿಕೊಂಡ.

"ಸೂಜಿ ಚುಚ್ಚೋ ಮುಂಚೆ, ಅವನು ತಿಂಡಿ ತಿಂದ್ನಾ ಅಂತ ನಾನು ಕೇಳಿದ್ನಾ ಅವ್ವ?" ಎಂದೆ ನಾನು.