ಸೆನ್ಸೇ ಅಚ್ಚು ಹಾಕಿಸಿದ ಐದು ಸಾಲು

ಮಾಸ್ಕಿನ ಮೇಲೆ ಕಾಣುತ್ತಿದ್ದ ಅವರ ಎಡಹುಬ್ಬನ್ನು ಹಳೆಯ ಗಾಯವೊಂದು ಎರಡಾಗಿ ಸೀಳಿತ್ತು. ನಾವು ತಪ್ಪು ಓದಿದರೆ ಹುಬ್ಬಿನ ಹೊರತುದಿ ಮಾತ್ರ ಮೇಲೇಳುತ್ತಿತ್ತು. ಜಪಾನಿನ ನಿಶಿ ಕಸಾಯಿ ಬಡಾವಣೆಯ ಸಮುದಾಯ ಭವನದಲ್ಲಿ ಪ್ರತಿ ಗುರುವಾರ ಪರದೇಶದವರಿಗೆ ಪುಕ್ಕಟೆಯಾಗಿ ಜಪಾನಿ ಕಲಿಸುತ್ತಿದ್ದ ಆ ವೃದ್ಧೆ ನಮಗೆಲ್ಲ ಸೆನ್ಸೇ, ಅಂದರೆ ಗುರುಗಳು. ನನ್ನ ಹೆಸರು ಅವರ ನಾಲಿಗೆಗೆ ಒಗ್ಗದೆ, ಊರಿನ ಹೆಸರಿಗೆ ನಮ್ಮ ‘ಅವರೇ’ಯಂಥ ‘ಸಾನ್’ ಸೇರಿ ನಾನು ‘ಮೈಸೂರು-ಸಾನ್’ ಆಗಿದ್ದೆ.

ಕೊರೋನಾದ ಮೊದಲ ಚಳಿಗಾಲ. ಕಿಟಕಿ ತೆರೆದಿಟ್ಟು, ಕೋಟು ತೊಟ್ಟೇ ಪಾಠ ಕೇಳುತ್ತಿದ್ದೆವು. ಊಟದ ಡಬ್ಬಿ ತುಂಬಿಸುವ ಕಾರ್ಖಾನೆಯ ವಿಯೆಟ್ನಾಮಿನ ಹುಡುಗಿಯೊಬ್ಬಳು ಅಂದು ಬಚ್ಚಲುಮನೆಯ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಬಂದಳು. ಹಿಮ್ಮಡಿ ನೀಲಿಗಟ್ಟಿತ್ತು. ಸೆನ್ಸೇ ಏನೂ ಕೇಳದೆ, ಚಳಿಗಾಲದ ಮೇಲೆ ಐದು ಸಾಲಿನ ಪದ್ಯ ಬರೆಯಲು ಎಲ್ಲರಿಗೂ ಹೇಳಿದರು. ಹುಡುಗಿ ಬರೆದದ್ದು ಇಷ್ಟು:

ಬಾಗಿಲ ಬಳಿ
ನನ್ನ ಬೂಟುಗಳಿಲ್ಲ.
ಪಾಸ್‌ಪೋರ್ಟಿನ ಜೊತೆ
ಯಜಮಾನರ ಬೀರುವಿನಲ್ಲಿ
ಅವು ಬೆಚ್ಚಗಿವೆ.

ಸೋಂಕಿನ ನೆಪದಲ್ಲಿ, ಹೊರಗೆ ಓಡಾಡದಂತೆ, ಕಾರ್ಖಾನೆಯವರು ಹುಡುಗಿಯರ ಬೂಟುಗಳನ್ನೂ ಕಿತ್ತಿಟ್ಟುಕೊಂಡಿದ್ದರು. ಸೆನ್ಸೇ ನನ್ನತ್ತ ತಿರುಗಿ, “ನಿಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತಾರೆ?” ಎಂದರು.

“ಜೀತ.”

“ಪದ ಇದೆ ಅಂದರೆ, ನಿಮ್ಮವರೂ ಇದನ್ನು ಕಂಡಿದ್ದಾರೆ.”

ಮುಂದಿನ ಗುರುವಾರ ಹುಡುಗಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳ ಹೆಸರು ಹಾಕದೆ, ‘ಊಟದ ಡಬ್ಬಿ ಕಾರ್ಖಾನೆಯ ಹುಡುಗಿ’ ಎಂದಷ್ಟೇ ಬರೆದು, ಕೆಳಗೆ ತಮ್ಮ ವಿಳಾಸ ಕೊಟ್ಟು, ಸೆನ್ಸೇ ಆ ಸಾಲುಗಳನ್ನು ಪತ್ರಿಕೆಯ ಓದುಗರ ಕವಿತೆಯ ಅಂಕಣಕ್ಕೆ ಕಳಿಸಿದರು. ಅಚ್ಚಾದ ಮೇಲೆ ಮಾತಿಲ್ಲದ ಫೋನುಗಳು ಶುರುವಾದವು. ‘ವಯಸ್ಸಾಗಿದೆ, ಹುಷಾರು’ ಎಂಬ ಚೀಟಿ ಅವರ ಬಾಗಿಲಿಗೆ ಅಂಟಿತ್ತು. ಆದರೆ ಅಂಕಣಕ್ಕೆ ಉತ್ತರವಾಗಿ ಪದ್ಯಗಳೂ ಬಂದವು. ಒಬ್ಬ ನರ್ಸು, ಒಬ್ಬ ಲಾರಿ ಚಾಲಕ ಬರೆದರು. ಆ ಡಬ್ಬಿ ಮಾರುವ ಅಂಗಡಿಗಳಲ್ಲಿ ಗಿರಾಕಿಗಳು ಪತ್ರಿಕೆಯ ತುಂಡು ಹಿಡಿದು ಪ್ರಶ್ನೆ ಕೇಳತೊಡಗಿದರು. ಕೊನೆಗೆ ಕಾರ್ಮಿಕ ಕಚೇರಿಯ ತನಿಖೆಯವರು ಕಾರ್ಖಾನೆಗೆ ಹೋದರು. ಅದೆಲ್ಲ ಮುದುಕಿಯ ಕಲ್ಪನೆ ಎಂದ ಯಜಮಾನ. ಹುಡುಗಿಯರು ಹೆದರಿ ತುಟಿ ಬಿಚ್ಚಲಿಲ್ಲ.

“ಅವಳ ಕಾಲನ್ನು ನೀವೂ ನೋಡಿದ್ದೀರಿ. ಕಚೇರಿಗೆ ಹಾಗೆಂದು ಬರೆದು ಕೊಡುತ್ತೀರಾ?” ಸೆನ್ಸೇ ಕೇಳಿದರು.

ಮನೆಯಲ್ಲಿ ನನ್ನ ಗಂಡ, “ನಮ್ಗ್ಯಾಕೆ ಈ ಉಸಾಬರಿ? ವೀಸಾ ರಿನ್ಯೂವಲ್ ಇದೆ ಕಣೆ, ಸುಮ್ನಿರು” ಎಂದರು. ನಾನು ಸೆನ್ಸೇ ಮುಂದೆ ತಲೆಬಾಗಿ “ಸುಮಿಮಾಸೆನ್,” ಕ್ಷಮಿಸಿ, ಎಂದೆ. ಅವರು ಸಿಟ್ಟಾಗಲಿಲ್ಲ. “ಭಯ ಇರುತ್ತದೆ, ಮೈಸೂರು-ಸಾನ್. ನನಗೂ ಇದೆ,” ಎಂದು ಪುಸ್ತಕ ಮುಚ್ಚಿದರು.

ಜುಲೈ ಕೊನೆಗೆ, ಅಲ್ಲಿನ ಬೇಸಿಗೆಯಲ್ಲಿ, ಅವರಿಗೆ ಸೋಂಕು ತಗುಲಿತು. ಆಂಬುಲೆನ್ಸ್ ಹೋದದ್ದನ್ನು ಪಕ್ಕದ ಮನೆಯವರು ನೋಡಿದರಂತೆ. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಹನ್ನೊಂದನೆಯ ದಿನ, ಸೆನ್ಸೇಯ ಬೂದಿಯ ಕುಡಿಕೆಯನ್ನು ಅವರ ತಮ್ಮನ ಕೈಗೆ ಕೊಟ್ಟರೆಂದು ತಿಳಿಯಿತು.

ಅಂದು ಮಧ್ಯಾಹ್ನ ನಾನು ಗಂಡನಿಗೆ ಹೇಳಿಯೇ ಕಾರ್ಮಿಕ ಕಚೇರಿಗೆ ಹೋದೆ. ಗಾಜಿನ ಆಚೆ ಕೂತ ಅಧಿಕಾರಿ ನನ್ನ ಸೊಟ್ಟ ಜಪಾನಿಯನ್ನು ಎರಡು ಸಲ ಓದಿ, ತಲೆಯೆತ್ತಿದ.

“ಇದನ್ನು ನೀವೇ ಕಣ್ಣಾರೆ ನೋಡಿದಿರಾ?”

“ಹೌದು, ನಾನೇ ನೋಡಿದೆ,” ಎಂದೆ.

ಆ ಹೇಳಿಕೆಯ ಮೇಲೆ ಮತ್ತೆ ತನಿಖೆ ನಡೆದು ಹುಡುಗಿಯರಿಗೆ ಪಾಸ್‌ಪೋರ್ಟು ಸಿಕ್ಕಿತು. ಸೆನ್ಸೇ ಕೇಳಿದ್ದು ಫೆಬ್ರವರಿಯಲ್ಲಿ. ನಾನು ಬಾಯಿ ಬಿಟ್ಟಾಗ ಆಗಸ್ಟ್. ನಡುವಿನ ಆರು ತಿಂಗಳು ಆ ಹುಡುಗಿ ಅಲ್ಲೇ ಡಬ್ಬಿ ತುಂಬಿಸುತ್ತಿದ್ದಳು.